ಗುದದ್ವಾರದ ತೊಂದರೆಗೆ ವಿಡಿಯೋ ಕಾಲ್ ಡಾಕ್ಟರು: ಎಲ್ಲಿಯವರೆಗೆ ಸಾಕು, ಯಾವಾಗ ಎದ್ದು ಹೋಗಬೇಕು

ಗುದದ್ವಾರದ ತೊಂದರೆ ಹೇಳಿಕೊಂಡು ಹೋದವರನ್ನು ಡಾಕ್ಟರು ನಾಲ್ಕು ಹಂತದಲ್ಲಿ ಪರೀಕ್ಷಿಸುತ್ತಾರೆ. ಮೊದಲು ವಿವರ ಕೇಳುತ್ತಾರೆ. ಆಮೇಲೆ ಹೊರಗಿನಿಂದ ನೋಡುತ್ತಾರೆ. ಗ್ಲೌಸ್ ಹಾಕಿದ ಬೆರಳಿನಿಂದ ಒಳಗೆ ಮುಟ್ಟಿ ನೋಡುತ್ತಾರೆ. ಕೊನೆಗೆ ಪ್ರಾಕ್ಟೋಸ್ಕೋಪ್ ಎಂಬ ಗಿಡ್ಡ ಕೊಳವೆಯನ್ನು ಸೇರಿಸಿ ಒಳಪದರ ನೋಡುತ್ತಾರೆ. ಫೋನಿನಲ್ಲಿ ಮೊದಲನೆಯದು ಪೂರ್ತಿ ಆಗುತ್ತದೆ. ಎರಡನೆಯದು ಅರ್ಧ ಆಗುತ್ತದೆ, ಅದೂ ಫೋಟೋ ಚೆನ್ನಾಗಿ ಬಂದಿದ್ದರೆ. ಉಳಿದೆರಡು ಆಗುವುದೇ ಇಲ್ಲ.

ಹಾಗೆಂದು ಫೋನು ನಿಷ್ಪ್ರಯೋಜಕವಲ್ಲ. ಈ ಜಾಗದ ನೋವನ್ನು ಮನೆಯವರಿಗೂ ಹೇಳದೆ ತಿಂಗಳುಗಟ್ಟಲೆ ನುಂಗಿಕೊಳ್ಳುವವರು ಬಹಳ ಮಂದಿ. ಎದುರಿಗೆ ಕೂತು ಹೇಳಲು ಆಗದವರು ಫೋನಿನಲ್ಲಿ ಬಾಯಿಬಿಡುತ್ತಾರೆ. ಜೊತೆಗೆ, ಕೆಲವು ಕಾಯಿಲೆಗಳ ಗುರುತು ರೋಗಿಯ ಮಾತಿನಲ್ಲೇ ಸಿಕ್ಕಿಬಿಡುತ್ತದೆ. ಆದರೆ ಬೆರಳು ಮುಟ್ಟದೆ ಕೊಟ್ಟ ಹೆಸರು ಏನಿದ್ದರೂ ಸದ್ಯದ ಅಂದಾಜು. ಆ ಅಂದಾಜಿಗೆ ಒಂದು ಗಡುವು ಇರಲೇಬೇಕು: ಇಂಥ ದಿನದೊಳಗೆ ಇಷ್ಟು ಗುಣ ಕಾಣದಿದ್ದರೆ ನೇರ ಪರೀಕ್ಷೆ. ಗಡುವಿಲ್ಲದೆ ಮುಗಿದ ವಿಡಿಯೋ ಕಾಲ್ ಅರ್ಧಕ್ಕೇ ಕಟ್ ಆದ ಹಾಗೆ ಎಂದು ತಿಳಿಯಿರಿ.

ಫೋನು ಬೇಡ, ನೇರ ಹೋಗಿ

ಕೆಳಗಿನ ಸ್ಥಿತಿಗಳಲ್ಲಿ ಅಪಾಯಿಂಟ್‌ಮೆಂಟ್‌ಗೆ ಕಾಯುತ್ತಾ ಕೂರುವುದೇ ಅಪಾಯ.

ಮಲವಿಸರ್ಜನೆ ಇಲ್ಲದೆಯೂ ರಕ್ತ ಹೋಗುತ್ತಿದೆ, ಗಡ್ಡೆ ಗಡ್ಡೆಯಾಗಿ ಬರುತ್ತಿದೆ, ಎದ್ದು ನಿಂತರೆ ತಲೆ ಸುತ್ತುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಎಂದರೆ ತುರ್ತು ವಿಭಾಗಕ್ಕೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಬೇಗ ಹೊರಡಬೇಕು. ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯ ಮಲ ಬಂದರೆ ರಕ್ತಸ್ರಾವ ಜಠರದ ಕಡೆಯಿಂದ ಆಗುತ್ತಿರಬಹುದು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದಕ್ಕೆ ಈ ಅಂಟೂ ವಾಸನೆಯೂ ಇರುವುದಿಲ್ಲ.

ಹಗಲು ರಾತ್ರಿ ಬಿಡದೆ ನಾಡಿ ಬಡಿದಂತೆ ಮಿಡಿಯುವ ನೋವು, ಕೂರಲು ಆಗದಿರುವುದು, ಊತ, 38 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲ್ಪಟ್ಟ ಜ್ವರ: ಇದು ಕೀವುಗಡ್ಡೆಯ ಲಕ್ಷಣ. ಸಕ್ಕರೆ ಕಾಯಿಲೆ ಇರುವವರು, ಕೀಮೋಥೆರಪಿಯಲ್ಲಿರುವವರು, ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು ಜ್ವರ ಬರುವವರೆಗೂ ಕಾಯಬಾರದು. ಚರ್ಮದ ಕೆಂಪು ಗಂಟೆಗಂಟೆಗೆ ಹರಡುತ್ತಾ ನೇರಳೆಗೋ ಕಪ್ಪಿಗೋ ತಿರುಗುತ್ತಿದ್ದರೆ, ಕಾಣುವ ಗಾಯಕ್ಕಿಂತ ನೋವು ಬಹಳ ಹೆಚ್ಚಿದ್ದರೆ, ಅದು ಫೋರ್ನಿಯರ್ ಗ್ಯಾಂಗ್ರೀನ್, ಅಂದರೆ ಚರ್ಮದಡಿಯ ಮಾಂಸವನ್ನು ಕೊಳೆಸುವ ಸೋಂಕು ಇರಬಹುದು. ಅದು ಗಂಟೆಗಳಲ್ಲಿ ಪ್ರಾಣಕ್ಕೆ ಬರುವ ಕಾಯಿಲೆ. ಕೂಡಲೇ ಆಪರೇಷನ್ ಆಗಬೇಕು.

ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಕರುಳು ಕಟ್ಟಿಕೊಂಡಿದೆ ಎಂದೇ ಹೊರಡಿ. ಹೊರಬಂದ ಭಾಗ ಒಳಗೆ ಹೋಗದೆ ಬಣ್ಣ ಕಪ್ಪಾಗುತ್ತಿದ್ದರೂ, ಗುದದ ನೋವಿನ ಜೊತೆ ಮೂತ್ರ ಕಟ್ಟಿದ್ದರೂ ಹಾಗೆಯೇ.

ಕಾಲ್‌ಗೆ ಮುಂಚೆ ಬರೆದಿಟ್ಟುಕೊಳ್ಳಬೇಕಾದದ್ದು

"ಪೈಲ್ಸ್ ಇದೆ" ಎಂದು ಶುರು ಮಾಡಬೇಡಿ. ಗುದದ್ವಾರದ ಯಾವ ತೊಂದರೆಗೂ ಜನ ಮೊದಲು ಕೊಡುವ ಹೆಸರು ಅದೇ. ಬಿರುಕು, ಕೀವುಗಡ್ಡೆ, ಫಿಸ್ಟುಲಾ (ಗುದದ ಒಳಗಿನಿಂದ ಹೊರಚರ್ಮಕ್ಕೆ ತೆರೆದ ಸುರಂಗ), ಚರ್ಮದ ಅಲರ್ಜಿ, ಕ್ಯಾನ್ಸರ್ ಎಲ್ಲವೂ ಆ ಹೆಸರಿನಲ್ಲೇ ಬರುತ್ತವೆ. ಹೆಸರು ಬಿಟ್ಟು, ಆಗುತ್ತಿರುವುದನ್ನು ಹೇಳಿ.

ನೋವಿನ ವಿಷಯದಲ್ಲಿ ಮುಖ್ಯವಾದದ್ದು ಅದರ ವೇಳೆ. ಮಲ ಹೋಗುವಾಗ ಗಾಜಿನಿಂದ ಸೀಳಿದಂತಾಗಿ, ಆಮೇಲೆ ಅರ್ಧ ಗಂಟೆಯಿಂದ ಕೆಲವು ಗಂಟೆ ಉರಿದು, ಮುಂದಿನ ಸಲದವರೆಗೆ ತಣ್ಣಗಿದ್ದರೆ ಬಹುಮಟ್ಟಿಗೆ ಅದು ಫಿಶರ್, ಅಂದರೆ ಬಿರುಕು. ಮಲಕ್ಕೂ ನೋವಿಗೂ ಸಂಬಂಧವೇ ಇಲ್ಲದೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಕೀವು. ಇದ್ದಕ್ಕಿದ್ದಂತೆ ಒಂದು ದಿನ ನೀಲಿ ಗಂಟು ಎದ್ದು ನೋವು ಶುರುವಾಗಿದ್ದರೆ ಹೊರಗಿನ ಮೂಲವ್ಯಾಧಿಯಲ್ಲಿ ರಕ್ತ ಹೆಪ್ಪುಗಟ್ಟಿದೆ. ರಕ್ತ ಮಾತ್ರ, ನೋವಿಲ್ಲ ಎಂದರೆ ಒಳಗಿನ ಮೂಲವ್ಯಾಧಿ ಇರಬಹುದು, ಗಂಭೀರವಾದದ್ದೂ ಇರಬಹುದು. ಈ ಕೊನೆಯದನ್ನು ಫೋನಿನಲ್ಲಿ ಬಿಡಿಸಲು ಆಗುವುದಿಲ್ಲ.

ರಕ್ತದ ಬಣ್ಣ ತಾಜಾ ಕೆಂಪೋ ಕಂದೋ, ಮಲದ ಮೇಲೆ ಗೆರೆಯಾಗಿದೆಯೋ, ಮಲದೊಳಗೆ ಬೆರೆತಿದೆಯೋ, ಕೊನೆಯಲ್ಲಿ ತೊಟ್ಟಿಕ್ಕುತ್ತದೆಯೋ, ಲೋಳೆ ಇದೆಯೋ ಎಂದು ನೋಡಿ. ಮಲ ಹೇಗಿದೆ ಎಂದು ವರ್ಣಿಸಲು ಮುಜುಗರವಾದರೆ ಬ್ರಿಸ್ಟಲ್ ಸ್ಟೂಲ್ ಚಾರ್ಟ್‌ನ ಅಂಕೆ ಹೇಳಿದರೆ ಸಾಕು. 1 ಎಂದರೆ ಬಿಡಿಬಿಡಿ ಗಟ್ಟಿ ಉಂಡೆ, 2 ಉಂಡೆಗಳು ಅಂಟಿಕೊಂಡ ಗಟ್ಟಿ ಮಲ, 3 ಮತ್ತು 4 ಸರಿಯಾದದ್ದು, 5 ಮೆತ್ತಗಿನ ತುಂಡುಗಳು, 6 ಕಲಸಿದಂಥದ್ದು, 7 ಪೂರ್ತಿ ನೀರು.

ಇವುಗಳ ಜೊತೆ ಎಷ್ಟು ವಾರದಿಂದ, ದಿನಕ್ಕೆ ಎಷ್ಟು ಸಲ, ತೂಕ ಇಳಿದಿದೆಯೇ, ರಾತ್ರಿ ಎದ್ದು ಹೋಗುವಂತಾಗಿದೆಯೇ, ಹಿಂದೆ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡಕರುಳು ನೋಡುವ ಪರೀಕ್ಷೆ) ಯಾವ ವರ್ಷ ಆಗಿತ್ತು, ತಂದೆ ತಾಯಿ ಒಡಹುಟ್ಟಿದವರಲ್ಲಿ ಕರುಳಿನ ಕ್ಯಾನ್ಸರ್ ಇತ್ತೇ, ಇದ್ದರೆ ಯಾವ ವಯಸ್ಸಿನಲ್ಲಿ ಎಂಬುದನ್ನೂ ಬರೆಯಿರಿ. ಮಾತ್ರೆಗಳ ಪಟ್ಟಿಯಲ್ಲಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಥರದ ರಕ್ತ ತೆಳುವಾಗಿಸುವ ಮಾತ್ರೆಗಳು ತಪ್ಪಬಾರದು. ಈಗಾಗಲೇ ಹಚ್ಚಿಕೊಂಡ ಮುಲಾಮಿನ ಹೆಸರೂ ಬೇಕು, ಎಷ್ಟು ದಿನ ಹಚ್ಚಿದಿರಿ ಎಂಬುದೂ ಬೇಕು.

ಫೋಟೋ ತೆಗೆಯುವ ಬಗೆ

ವಿಡಿಯೋ ಕಾಲ್‌ನಲ್ಲಿ ಕ್ಯಾಮೆರಾ ಹಿಡಿದು ತೋರಿಸುವುದು ಹೆಚ್ಚಾಗಿ ವ್ಯರ್ಥ. ಚಿತ್ರ ಅಲುಗುತ್ತದೆ, ಮಸುಕಾಗುತ್ತದೆ, ರೋಗಿಗೆ ಸಂಕಟ ಬೇರೆ. ಮುಂಚೆಯೇ ತೆಗೆದ ಎರಡು ಒಳ್ಳೆಯ ಫೋಟೋ ಅದಕ್ಕಿಂತ ಎಷ್ಟೋ ಮೇಲು.

ನಂಬಿಕೆಯ ಒಬ್ಬರು ಜೊತೆಗಿದ್ದರೆ ಎಡ ಮಗ್ಗುಲಿಗೆ ಮಲಗಿ, ಎರಡೂ ಮೊಣಕಾಲನ್ನು ಎದೆಯ ಕಡೆ ಮಡಚಿ, ಮೇಲಿನ ಪೃಷ್ಠವನ್ನು ನಿಮ್ಮ ಕೈಯಿಂದಲೇ ಮೇಲಕ್ಕೆ ಎತ್ತಿ ಹಿಡಿಯಿರಿ. ಒಬ್ಬರೇ ಇದ್ದರೆ ಫೋನನ್ನು ತಗ್ಗಿನಲ್ಲಿ ಒರಗಿಸಿ 10 ಸೆಕೆಂಡಿನ ಟೈಮರ್ ಇಟ್ಟು, ಬೆನ್ನು ಮಾಡಿ ಬಗ್ಗಿ. ಹಿಂಬದಿಯ ಕ್ಯಾಮೆರಾವನ್ನೇ ಬಳಸಿ. ಸೆಲ್ಫಿ ಕ್ಯಾಮೆರಾ ಕೆಲವು ಫೋನುಗಳಲ್ಲಿ ಎಡಬಲ ತಿರುವುಮುರುವು ಮಾಡುತ್ತದೆ, ಆಗ ಗಂಟು ಯಾವ ಬದಿ ಎನ್ನುವುದೇ ತಪ್ಪಾಗುತ್ತದೆ. ಬ್ಯೂಟಿ ಫಿಲ್ಟರ್ ಆಫ್ ಮಾಡಿ: ಅದು ಕೆಂಪನ್ನು ಅಳಿಸಿಬಿಡುತ್ತದೆ.

ಮೊದಲನೆಯ ಚಿತ್ರ ಸುಮಾರು 30 ಸೆಂಟಿಮೀಟರ್ ದೂರದಿಂದ, ಎರಡೂ ಪೃಷ್ಠ ಕಾಣುವಂತೆ. ಎರಡನೆಯದು 15 ಸೆಂಟಿಮೀಟರ್‌ನಿಂದ. ಅದಕ್ಕಿಂತ ಹತ್ತಿರ ಹೋದರೆ ಬಹಳ ಫೋನುಗಳು ಫೋಕಸ್ ಕಳೆದುಕೊಳ್ಳುತ್ತವೆ, ಹತ್ತಿರ ಹೋಗುವ ಬದಲು ಜೂಮ್ ಮಾಡಿ. ಬದಿಯಿಂದ ಬೀಳುವ ಹಗಲ ಬೆಳಕು ಉತ್ತಮ. ಫ್ಲ್ಯಾಶ್ ಹಾಕಿದರೆ ಒದ್ದೆ ಚರ್ಮ ಹೊಳೆದು, ಆ ಬಿಳಿ ಹೊಳಪು ಹುಣ್ಣಿನಂತೆ ಕಾಣುತ್ತದೆ. ಮುಲಾಮು ಹಚ್ಚಿದ್ದರೆ ತೊಳೆದು, ಒತ್ತಿ ಒರೆಸಿ ತೆಗೆಯಿರಿ, ಏಕೆಂದರೆ ಬಿಳಿ ಮುಲಾಮು ಕೀವಿನಂತೆ ಕಂಡು ದಾರಿ ತಪ್ಪಿಸುತ್ತದೆ. ಆದರೆ ನಿಮ್ಮ ದೂರೇ ಸೋರಿಕೆಯಾಗಿದ್ದರೆ ತೊಳೆಯುವ ಮುಂಚೆ ಒಂದು, ಆದಮೇಲೆ ಒಂದು ತೆಗೆಯಿರಿ. ಬಾಲಮೂಳೆ ಯಾವ ಕಡೆ ಎಂದು ಬರೆದು ಕಳಿಸಿ.

ಬಿರುಕು ಕಾಣಬೇಕಾದರೆ ಗುದದ್ವಾರದ ಅಂಚಿನ ಚರ್ಮವನ್ನು ಎರಡು ಬದಿಗೆ ಮೆಲ್ಲಗೆ ಎಳೆಯಬೇಕು. ಎಳೆದಾಗ ನೋವಾದರೆ ಅಲ್ಲೇ ನಿಲ್ಲಿಸಿ, "ಎಳೆಯಲು ಆಗಲಿಲ್ಲ" ಎಂದು ಹೇಳಿ. ಅದೇ ಒಂದು ಮಾಹಿತಿ.

ಆಸ್ಪತ್ರೆಗಿಂತ ಮನೆಯ ಫೋಟೋನೇ ಹೆಚ್ಚು ಹೇಳುವ ಸಂದರ್ಭವೂ ಒಂದಿದೆ. ತಿಣುಕಿದಾಗ ಹೊರಬಂದು ಆಮೇಲೆ ತಾನೇ ಒಳಗೆ ಹೋಗುವ ಗಂಟು ಪರೀಕ್ಷೆಯ ಮಂಚದ ಮೇಲೆ ಮಲಗಿದಾಗ ಕಾಣುವುದೇ ಇಲ್ಲ. ಮಲ ವಿಸರ್ಜಿಸಿದ ತಕ್ಷಣ, ಅದು ಹೊರಗಿರುವಾಗಲೇ ತೆಗೆದ ಒಂದು ಚಿತ್ರ ಎರಡು ಕಾಯಿಲೆಗಳನ್ನು ಬೇರ್ಪಡಿಸುತ್ತದೆ. ಮಡಿಕೆಗಳು ಒಂದರ ಸುತ್ತ ಒಂದು ಉಂಗುರದಂತೆ ಇದ್ದರೆ ಗುದನಾಳವೇ ಜಾರಿ ಹೊರಬಂದಿದೆ. ಸೀಳುಗಳು ನಡುವಿನಿಂದ ಹೊರಕ್ಕೆ ಕಡ್ಡಿಗಳಂತೆ ಹರಡಿ, ಮಧ್ಯೆ ಬೇರೆ ಬೇರೆ ಉಬ್ಬುಗಳು ಕಂಡರೆ ಅದು ಮೂಲವ್ಯಾಧಿ. ಎರಡರ ಆಪರೇಷನ್ನೂ ಬೇರೆ ಬೇರೆ. ಹಾಗಾಗಿ ಈ ಒಂದು ಫೋಟೋ ತೆಗೆಯಲು ಹಿಂಜರಿಯಬೇಡಿ.

ಫೋಟೋ ತೆಗೆಯುವ ಮುಂಚೆ ಫೋನಿನ ಆಟೋಮ್ಯಾಟಿಕ್ ಕ್ಲೌಡ್ ಬ್ಯಾಕಪ್ ನಿಲ್ಲಿಸಿ, ಇಲ್ಲದಿದ್ದರೆ ಚಿತ್ರ ಮನೆಮಂದಿಯ ಟ್ಯಾಬ್ಲೆಟ್ಟಿಗೂ ಹೋದೀತು. ಆಸ್ಪತ್ರೆ ಹೇಳಿದ ಸುರಕ್ಷಿತ ಆ್ಯಪ್‌ನಲ್ಲೇ ಕಳಿಸಿ. ಅಳಿಸಿದ ಮೇಲೆ "ಇತ್ತೀಚೆಗೆ ಅಳಿಸಿದವು" ಫೋಲ್ಡರನ್ನೂ ಖಾಲಿ ಮಾಡಿ. ಮುಖ, ಹಚ್ಚೆ, ಹೆಸರು ಚಿತ್ರದೊಳಗೆ ಬರಬಾರದು. ಮಕ್ಕಳ ಗುಪ್ತಾಂಗದ ಚಿತ್ರ ಮಾತ್ರ ತೆಗೆಯಬೇಡಿ, ಕಳಿಸಬೇಡಿ. ಮಕ್ಕಳನ್ನು ನೇರ ತೋರಿಸುವುದೇ ಸರಿ.

ಫೋನಿನಲ್ಲೇ ಚೆನ್ನಾಗಿ ಆಗುವ ಚಿಕಿತ್ಸೆ: ಫಿಶರ್

ಮೇಲೆ ಹೇಳಿದ ನೋವಿನ ಕಥೆ, ಜೊತೆಗೆ ಸ್ವಲ್ಪ ತಾಜಾ ಕೆಂಪು ರಕ್ತ, ಗಟ್ಟಿ ಮಲ ಇದ್ದು, ರೋಗಿ ಚಿಕ್ಕ ವಯಸ್ಸಿನವರಾಗಿದ್ದರೆ ಬೆರಳು ಹಾಕದೆಯೇ ಚಿಕಿತ್ಸೆ ಶುರು ಮಾಡಬಹುದು. ಎದುರಿಗೇ ಹೋದರೂ ನೋವು ಜೋರಾಗಿದ್ದರೆ ಡಾಕ್ಟರು ಬೆರಳು ಹಾಕುವುದನ್ನು ಮುಂದಕ್ಕೆ ಹಾಕುತ್ತಾರೆ.

ಬಿರುಕು ಗುಣವಾಗದೆ ಉಳಿಯಲು ಕಾರಣ ಒಳಗಿನ ಸ್ನಾಯು. ನೋವಿಗೆ ಅದು ಬಿಗಿದುಕೊಳ್ಳುತ್ತದೆ, ಬಿಗಿದರೆ ಬಿರುಕಿಗೆ ರಕ್ತ ಸಾಲದು, ರಕ್ತ ಸಾಲದಿದ್ದರೆ ಗಾಯ ಮಾಯದು. ಆದ್ದರಿಂದ ಡಾಕ್ಟರು ಬರೆದುಕೊಡುವ ಮುಲಾಮು ಗಾಯಕ್ಕಲ್ಲ, ಸ್ನಾಯು ಸಡಿಲಿಸಲು: ಸಾಮಾನ್ಯವಾಗಿ 2% ಡಿಲ್ಟಿಯಾಜೆಮ್, ಇಲ್ಲವೇ 0.2ರಿಂದ 0.4% ನೈಟ್ರೋಗ್ಲಿಸರಿನ್. ಬಟಾಣಿ ಕಾಳಿನಷ್ಟನ್ನು ಗ್ಲೌಸ್ ಹಾಕಿದ ಬೆರಳಿಗೆ ತೆಗೆದುಕೊಂಡು, ಗುದದ್ವಾರದ ಅಂಚಿಗೂ ತುಸು ಒಳಕ್ಕೂ ದಿನಕ್ಕೆ ಎರಡು ಸಲ, 6ರಿಂದ 8 ವಾರ ಹಚ್ಚಬೇಕು. ಬಹಳ ಜನ ಎಡವುವುದು ಇಲ್ಲಿ: ಹತ್ತು ದಿನಕ್ಕೆ ನೋವು ಇಳಿಯುತ್ತದೆ, ಮುಲಾಮು ಬಿಡುತ್ತಾರೆ, ಮುಂದಿನ ಗಟ್ಟಿ ಮಲಕ್ಕೆ ಬಿರುಕು ಮತ್ತೆ ಬಾಯಿ ತೆರೆಯುತ್ತದೆ. ನೈಟ್ರೋಗ್ಲಿಸರಿನ್‌ನಿಂದ ತಲೆನೋವು ಬರುವುದು ಸಾಮಾನ್ಯ, ಗ್ಲೌಸ್ ಇಲ್ಲದೆ ಹಚ್ಚಿದರೆ ಬೆರಳಿನ ಚರ್ಮದಿಂದಲೂ ಒಳಗೆ ಸೇರುತ್ತದೆ. ಸಿಲ್ಡೆನಫಿಲ್ (ವಯಾಗ್ರ) ಥರದ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಸಲ್ಲದು, ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ. ಫೋನಿನಲ್ಲಿ ಕೇಳಲು ಸಂಕೋಚಪಡುವ ಪ್ರಶ್ನೆ ಇದು. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಎರಡು ಮೂರು ಸಲ, ಮಲ ಹೋದಮೇಲೆ ತಪ್ಪದೆ, 10ರಿಂದ 15 ನಿಮಿಷ ಕೂರಿ. ನೀರಿಗೆ ಏನೂ ಹಾಕುವುದು ಬೇಡ, ಆಂಟಿಸೆಪ್ಟಿಕ್ ದ್ರವ ಚರ್ಮವನ್ನು ಸುಡುತ್ತದೆ. ನಾರಿನಂಶ ದಿನಕ್ಕೆ 25ರಿಂದ 30 ಗ್ರಾಂ ಮುಟ್ಟಬೇಕು. ಇಸಬ್ಗೋಲು ಹೊಟ್ಟನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕದಡಿ ತಕ್ಷಣ ಕುಡಿಯಿರಿ. ನೀರು ಕಡಿಮೆಯಾದರೆ ಅದು ಕರುಳಿನಲ್ಲೇ ಗಟ್ಟಿಯಾಗುತ್ತದೆ. ಕೊಡೀನ್, ಟ್ರಾಮಡಾಲ್ ಇರುವ ನೋವಿನ ಮಾತ್ರೆ ಮಲಬದ್ಧತೆ ತರುತ್ತವೆ, ಫಿಶರ್‌ಗೆ ಬೇಡ. ಸ್ಟೀರಾಯ್ಡ್ ಇರುವ ಪೈಲ್ಸ್ ಮುಲಾಮನ್ನು ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಇನ್ನಷ್ಟು ಬಿರಿಯುತ್ತದೆ.

ಗಡುವು 6ರಿಂದ 8 ವಾರ. ಅಷ್ಟರಲ್ಲಿ ಮಾಯದಿದ್ದರೆ ನೇರ ಪರೀಕ್ಷೆ. ಫೋಟೋದಲ್ಲಿ ಬಿರುಕು ನಡುಗೆರೆ ಬಿಟ್ಟು ಬದಿಯಲ್ಲಿದ್ದರೆ, ಒಂದಕ್ಕಿಂತ ಹೆಚ್ಚಿದ್ದರೆ, ಆಳವಾಗಿದ್ದೂ ನೋವಿಲ್ಲದಿದ್ದರೆ ಗಡುವು ಕಾಯಬೇಡಿ. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ, ಕ್ಷಯ, ಸಿಫಿಲಿಸ್, ಎಚ್‌ಐವಿ, ಗುದದ ಕ್ಯಾನ್ಸರ್ ಇವೆಲ್ಲ ಬಿರುಕಿನ ವೇಷದಲ್ಲಿ ಬರುತ್ತವೆ.

ರಕ್ತ: ಅತಿ ದೊಡ್ಡ ತಪ್ಪು ಆಗುವ ಜಾಗ

ತಾಜಾ ಕೆಂಪು ರಕ್ತ, ನೋವಿಲ್ಲ, "ಪೈಲ್ಸ್ ಇರಬೇಕು, ಈ ಮಾತ್ರೆ ತೆಗೆದುಕೊಳ್ಳಿ." ಎರಡು ತಿಂಗಳಾದ ಮೇಲೆ ಮತ್ತೆ ಕಾಲ್, ಮತ್ತೆ ಅದೇ ಮಾತ್ರೆ. ಗುದನಾಳದ ಕ್ಯಾನ್ಸರ್ ತಡವಾಗಿ ಪತ್ತೆಯಾಗುವ ದಾರಿ ಇದು. ಕೆಳಭಾಗದ ಗಡ್ಡೆಯ ರಕ್ತವೂ ತಾಜಾ ಕೆಂಪೇ. ಮೂಲವ್ಯಾಧಿ ಇರುವವರಿಗೆ ಕ್ಯಾನ್ಸರ್ ಬರಬಾರದೆಂಬ ನಿಯಮವಿಲ್ಲ. ಬೆರಳಿಗೆ ಎಟುಕುವ 7-8 ಸೆಂಟಿಮೀಟರ್‌ನೊಳಗೆ ಗಡ್ಡೆ ಇದ್ದರೆ ಅರ್ಧ ನಿಮಿಷದ ಪರೀಕ್ಷೆ ಅದನ್ನು ಹಿಡಿಯುತ್ತದೆ. ಎಷ್ಟು ಸಲ ವಿಡಿಯೋ ಕಾಲ್ ಮಾಡಿದರೂ ಅದು ಸಿಕ್ಕುವುದಿಲ್ಲ.

ಹೊಸದಾಗಿ ಶುರುವಾದ ರಕ್ತಸ್ರಾವಕ್ಕೆ, ವಯಸ್ಸು ಎಷ್ಟೇ ಇರಲಿ, ಒಂದು ಸಲವಾದರೂ ಬೆರಳು ಮತ್ತು ಪ್ರಾಕ್ಟೋಸ್ಕೋಪ್ ಪರೀಕ್ಷೆ ಆಗಲೇಬೇಕು. ವಯಸ್ಸು 45 ದಾಟಿದ್ದರೆ, ಕೆಲವು ವಾರಗಳಿಂದ ಮಲದ ಅಭ್ಯಾಸ ಬದಲಾಗಿದ್ದರೆ, ತೂಕ ಇಳಿದಿದ್ದರೆ, ರಕ್ತಹೀನತೆ ಇದ್ದರೆ, ಹೋಗಿ ಬಂದರೂ ಇನ್ನೂ ಉಳಿದಿದೆ ಎನಿಸುತ್ತಿದ್ದರೆ, ಹತ್ತಿರದ ರಕ್ತಸಂಬಂಧಿಗೆ ಕರುಳಿನ ಕ್ಯಾನ್ಸರ್ ಆಗಿದ್ದರೆ ಕೊಲೊನೋಸ್ಕೋಪಿಯ ಮಾತು ಬರಬೇಕು. ಲಕ್ಷಣವೇ ಇಲ್ಲದವರಿಗೂ ತಪಾಸಣೆ ಶುರು ಮಾಡುವ ವಯಸ್ಸನ್ನು ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2021ರಲ್ಲಿ 50ರಿಂದ 45ಕ್ಕೆ ಇಳಿಸಿತು. ಚಿಕ್ಕ ವಯಸ್ಸಿನವರಲ್ಲಿ ಈ ಕ್ಯಾನ್ಸರ್ ಹೆಚ್ಚುತ್ತಿರುವುದೇ ಅದಕ್ಕೆ ಕಾರಣ.

ಫೋನಿನಲ್ಲಿ ಡಾಕ್ಟರು ಮಾಡಬಹುದಾದ ಒಳ್ಳೆಯ ಕೆಲಸ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) ಪರೀಕ್ಷೆ ಬರೆದು, ಫಲಿತಾಂಶ ನೋಡಿ ಕೊಲೊನೋಸ್ಕೋಪಿಯ ದಿನ ಮುಂದಕ್ಕೆ ಹೋಗದಂತೆ ನೋಡಿಕೊಳ್ಳುವುದು. ಮನೆಯಲ್ಲೇ ಮಾಡುವ ಫಿಟ್ ಎಂಬ ಮಲಪರೀಕ್ಷೆ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುತ್ತದೆ. ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ ಖಚಿತ. ಆದರೆ ಕಣ್ಣಿಗೆ ಕಾಣುವಂತೆ ರಕ್ತ ಹೋಗುತ್ತಿರುವವರು ಅದು ನೆಗೆಟಿವ್ ಬಂತೆಂದು ಸುಮ್ಮನಾಗಬಾರದು.

ಗಂಟು, ಕೀವು, ಸೋರಿಕೆ

ರಕ್ತ ಹೆಪ್ಪುಗಟ್ಟಿದ ಹೊರಗಂಟನ್ನು ಫೋಟೋದಲ್ಲಿ ಗುರುತಿಸುವುದು ಸುಲಭ. ಇಲ್ಲಿ ಗಡಿಯಾರ ಮುಖ್ಯ. ನೋವು ಶುರುವಾಗಿ 72 ಗಂಟೆಯೊಳಗೆ ಇದ್ದು, ತಡೆಯಲಾರದಷ್ಟು ನೋವಿದ್ದರೆ ನೇರ ಹೋಗಿ ಗಂಟನ್ನು ಕೊಯ್ದು ತೆಗೆಸುವುದು ಬೇಗ ಆರಾಮ ಕೊಡುತ್ತದೆ. ಆ ಹೊತ್ತು ದಾಟಿ ನೋವು ಇಳಿಯುತ್ತಿದ್ದರೆ ಮನೆಯಲ್ಲೇ ಬಿಸಿನೀರಿನ ಶಾಖ, ಮೆತ್ತಗಿನ ಮಲ, ನೋವಿನ ಮಾತ್ರೆ ಸಾಕು. ಗಂಟು ಕರಗಲು ಕೆಲವು ವಾರ ಹಿಡಿಯುತ್ತದೆ.

ಕೀವುಗಡ್ಡೆಗೆ "ಸದ್ಯಕ್ಕೆ ಆಂಟಿಬಯಾಟಿಕ್ ಬರೆದುಕೊಡಿ" ಎಂದು ಒತ್ತಾಯಿಸಬೇಡಿ. ಕೀವು ತುಂಬಿದ ಗೂಡಿಗೆ ರಕ್ತ ಹರಿಯುವುದಿಲ್ಲ, ಮಾತ್ರೆಯ ಔಷಧ ಒಳಗೆ ಸರಿಯಾಗಿ ತಲುಪುವುದಿಲ್ಲ. ಕೊಯ್ದು ಕೀವು ಬಿಡಿಸುವುದೇ ಚಿಕಿತ್ಸೆ. ಸ್ನಾಯುಗಳ ನಡುವೆ ಕೂತ ಕೀವು ಹೊರಗೆ ಊತವನ್ನೇ ತೋರಿಸದೆ ಇರಬಹುದು. ನೋವು ವಿಪರೀತ, ಫೋಟೋ ಮಾತ್ರ ಚೆನ್ನಾಗಿದೆ ಎಂದರೆ ನಂಬಬೇಕಾದದ್ದು ನೋವನ್ನು, ಫೋಟೋವನ್ನಲ್ಲ. ಕೀವು ಹೋದಮೇಲೂ ಬಟ್ಟೆಗೆ ಆಗಾಗ ಕಲೆಯಾಗುತ್ತಿದ್ದರೆ ಅದು ಫಿಸ್ಟುಲಾ. ಅದರ ದಾರಿ ಸ್ನಾಯುವಿನ ಯಾವ ಪದರದಲ್ಲಿ ಸಾಗಿದೆ ಎಂಬುದನ್ನು ಕೈಯಿಂದಲೂ ಎಂಆರ್‌ಐಯಿಂದಲೂ ನೋಡದೆ ಯಾರೂ ಹೇಳಲಾರರು.

ಆಪರೇಷನ್ ಆದಮೇಲೆ, ಸ್ಟೋಮಾ ಇದ್ದರೆ

ಮರುಭೇಟಿಗೆ ವಿಡಿಯೋ ಕಾಲ್ ನಿಜಕ್ಕೂ ವರ. ಗಾಯವಿರುವವರು ಗಂಟೆಗಟ್ಟಲೆ ವಾಹನದಲ್ಲಿ ಕೂರುವುದು ತಪ್ಪುತ್ತದೆ. ಗಾಯದ ಫೋಟೋವನ್ನು ದಿನಾ ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ತೆಗೆದರೆ ವ್ಯತ್ಯಾಸ ತಿಳಿಯುತ್ತದೆ. ಮೂಲವ್ಯಾಧಿಯ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡವರಿಗೆ ಬ್ಯಾಂಡ್ ಉದುರುವ ಹೊತ್ತಿಗೆ, ಅಂದರೆ 5ರಿಂದ 14ನೇ ದಿನದ ನಡುವೆ ಸ್ವಲ್ಪ ರಕ್ತ ಕಾಣುವುದುಂಟು. ನಿಲ್ಲದೆ ಹರಿದರೆ ಆಸ್ಪತ್ರೆ. ಬ್ಯಾಂಡ್ ಆದಮೇಲೆ ಹೆಚ್ಚುತ್ತಿರುವ ನೋವು, ಜ್ವರ, ಮೂತ್ರ ಕಟ್ಟುವುದು ಒಟ್ಟಿಗೆ ಬಂದರೆ ಅಪರೂಪದ ಆದರೆ ಭಯಂಕರ ಸೋಂಕು ಇರಬಹುದು. ಅದಕ್ಕೆ ಫೋನು ಸಲ್ಲದು.

ಕರುಳು ಕತ್ತರಿಸಿ ಜೋಡಿಸಿದ ಆಪರೇಷನ್ ಆದವರು ದಿನಕ್ಕೆ ಎರಡು ಸಲ ಜ್ವರ ಮತ್ತು ನಾಡಿ ಬರೆದಿಡಬೇಕು. ಜೋಡಣೆ ಸೋರುವುದು ಹೆಚ್ಚಾಗಿ ಮೊದಲ ವಾರದ ಕೊನೆಯಲ್ಲಿ, ಎಷ್ಟೋ ಸಲ ಮನೆಗೆ ಬಂದಮೇಲೆ. ಸುಮ್ಮನೆ ಮಲಗಿದ್ದಾಗಲೂ ನಾಡಿ ನಿಮಿಷಕ್ಕೆ 100 ದಾಟುವುದು ಜ್ವರಕ್ಕಿಂತ ಮುಂಚೆ ಬರುವ ಸುಳಿವಾಗಿರಬಹುದು. ಫೋನಿನಲ್ಲಿ "ಪರವಾಗಿಲ್ಲ" ಎನ್ನುವ ರೋಗಿಯ ನಾಡಿಯ ಅಂಕೆ ಬೇರೆಯೇ ಹೇಳಬಹುದು.

ಸ್ಟೋಮಾ ಎಂದರೆ ಮಲ ಚೀಲಕ್ಕೆ ಬೀಳುವಂತೆ ಹೊಟ್ಟೆಯ ಮೇಲೆ ಹೊರತಂದ ಕರುಳಿನ ಬಾಯಿ. ಅದರ ಬಣ್ಣ ತುಟಿಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿ ಇರಬೇಕು. ನೇರಳೆ, ಬೂದು, ಕಪ್ಪು ಕಂಡರೆ ಆ ಹೊತ್ತೇ ಹೊರಡಿ. ಚೀಲ ಸೋರುತ್ತದೆ ಎಂದು ಕಾಲ್ ಮಾಡುವವರು ಎರಡು ಚಿತ್ರ ಕಳಿಸಿ: ಚೀಲ ತೆಗೆದ ಚರ್ಮದ್ದು ಒಂದು, ಚೀಲವನ್ನು ಚರ್ಮಕ್ಕೆ ಅಂಟಿಸುವ ಪ್ಲೇಟನ್ನು ಕಿತ್ತಮೇಲೆ ಅದರ ಹಿಂಬದಿಯದು ಇನ್ನೊಂದು. ಪ್ಲೇಟಿನ ಅಂಟು ಯಾವ ದಿಕ್ಕಿನಲ್ಲಿ ಕರಗಿ ಮಲದ ಜಾಡು ಬಿದ್ದಿದೆಯೋ ಸೋರಿಕೆ ಆ ಕಡೆಯಿಂದಲೇ. ಆಪರೇಷನ್ ಆದ 6ರಿಂದ 8 ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ, ಮೊದಲ ದಿನದ ಅಳತೆಗೇ ಪ್ಲೇಟ್ ಕತ್ತರಿಸುತ್ತಿದ್ದರೆ ಸುತ್ತಲಿನ ಚರ್ಮ ಸುಟ್ಟಂತಾಗುತ್ತದೆ. ತೂತು ಸ್ಟೋಮಾಕ್ಕಿಂತ 2ರಿಂದ 3 ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಸಣ್ಣಕರುಳಿನ ಸ್ಟೋಮಾದಿಂದ ದಿನಕ್ಕೆ ಒಂದೂವರೆ ಲೀಟರ್‌ಗಿಂತ ಹೆಚ್ಚು ಬರುತ್ತಿದ್ದರೆ ಬರಿ ನೀರು ಕುಡಿಯುತ್ತಾ ಹೋಗಬೇಡಿ, ಅದು ಉಪ್ಪನ್ನು ಇನ್ನಷ್ಟು ತೊಳೆದು ಹಾಕುತ್ತದೆ. ಓಆರ್‌ಎಸ್ ಕುಡಿಯಿರಿ, ಅದೇ ದಿನ ಆಸ್ಪತ್ರೆಯ ತಂಡಕ್ಕೆ ತಿಳಿಸಿ.

ಕಾಲ್ ಮುಗಿಸುವ ಮುಂಚೆ, ಮತ್ತು ನೇರ ಹೋಗುವ ದಿನ

ಫೋನ್ ಇಡುವ ಮುಂಚೆ ಡಾಕ್ಟರನ್ನು ಕೇಳಿ: ನಿಮ್ಮ ಅಂದಾಜು ಏನು, ಬೆರಳು ಪರೀಕ್ಷೆ ಇಲ್ಲದೆ ಏನು ತಪ್ಪಿಹೋಗಿರಬಹುದು, ಎಷ್ಟು ದಿನದೊಳಗೆ ಗುಣ ಕಾಣಬೇಕು, ಕಾಣದಿದ್ದರೆ ಎಲ್ಲಿಗೆ ಬರಬೇಕು. ಉತ್ತರಗಳನ್ನು ದಿನಾಂಕದ ಸಮೇತ ಬರೆದುಕೊಳ್ಳಿ.

ನೇರ ಪರೀಕ್ಷೆಯ ಭಯಕ್ಕೇ ಫೋನಿಗೆ ಅಂಟಿಕೊಳ್ಳುವವರು ಇದ್ದಾರೆ. ಅಲ್ಲಿ ಆಗುವುದು ಇಷ್ಟು. ಎಡ ಮಗ್ಗುಲಿಗೆ ಮಲಗಿಸಿ, ಬೇಕಾದಷ್ಟು ಜಾಗ ಬಿಟ್ಟು ಉಳಿದದ್ದನ್ನು ಬಟ್ಟೆಯಿಂದ ಮುಚ್ಚುತ್ತಾರೆ. ಬೆರಳಿಗೆ ಜೆಲ್ ಹಚ್ಚಿ ಮೊದಲು ಹೊರಗೆ ಒತ್ತಿ, ಸ್ನಾಯು ಸಡಿಲವಾದ ಮೇಲೆ ಒಳಗೆ ಸೇರಿಸುತ್ತಾರೆ. ಆ ಹೊತ್ತಿಗೆ ಮಲ ವಿಸರ್ಜಿಸುವವರಂತೆ ತುಸು ಮುಕ್ಕಿದರೆ ಸುಲಭವಾಗಿ ಹೋಗುತ್ತದೆ. ಎಲ್ಲ ಸೇರಿ ಒಂದೆರಡು ನಿಮಿಷ. ಸಾಮಾನ್ಯವಾಗಿ ಎನಿಮಾ, ಉಪವಾಸ ಯಾವುದೂ ಬೇಡ. ನಿಮ್ಮದೇ ಲಿಂಗದ ಡಾಕ್ಟರು ಬೇಕೆಂದು, ಇಲ್ಲವೇ ಜೊತೆಗೆ ನರ್ಸ್ ಇರಲಿ ಎಂದು ಬುಕ್ ಮಾಡುವಾಗಲೇ ಕೇಳಬಹುದು. ನಡುವೆ ನೋವಾದರೆ "ನಿಲ್ಲಿಸಿ" ಎಂದರೆ ಡಾಕ್ಟರು ನಿಲ್ಲಿಸಲೇಬೇಕು. ವಿಡಿಯೋ ಕಾಲ್‌ನಲ್ಲಿ ಮಾಡಿದ ಟಿಪ್ಪಣಿ, ಫೋಟೋ, ಹಚ್ಚಿದ ಮುಲಾಮಿನ ಟ್ಯೂಬ್ ಜೊತೆಗೆ ತೆಗೆದುಕೊಂಡು ಹೋಗಿ.